12 ಪ್ಲಾಟು 120 ಆದದ್ದು: ಥೀಸಿಸ್ ಡೇಟಾ ಹೊರಗೆ ಕೊಡುವ ಮುನ್ನ ಓದಿ

ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಮಾಡುತ್ತ ಹೊಲದಲ್ಲಿ ಪ್ರಯೋಗ ಹಾಕಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಡೇಟಾ ಅನಾಲಿಸಿಸ್ ಮಾಡಿಕೊಡುವ ಒಂದು ಅಂಗಡಿಗೆ 4,000 ರೂಪಾಯಿ ಕೊಟ್ಟೆ. ಆ ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಅಲ್ಲಿಂದ ಬಂದ ಉತ್ತರ ನಂಬಿ ಒಬ್ಬ ರೈತರು ತಮ್ಮ ದುಡ್ಡು ಸುರಿದರು, ಅದಕ್ಕೆ ಸಂಕಟ.

ಕುಂದಗೋಳ ಕಡೆಯ ಎರೆಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೆ. ನಾಲ್ಕು ಟ್ರೀಟ್‌ಮೆಂಟು, ಅಂದರೆ ಹೋಲಿಸಿ ನೋಡುವ ನಾಲ್ಕು ಗೊಬ್ಬರ ಕ್ರಮ: ಟಿ1 ಬರೀ ರಾಸಾಯನಿಕ ಗೊಬ್ಬರ, ಟಿ2ರಲ್ಲಿ ಅದರ ಜೊತೆ ಕೊಟ್ಟಿಗೆ ಗೊಬ್ಬರ, ಟಿ3ರಲ್ಲಿ ಎರೆಹುಳು ಗೊಬ್ಬರ, ಟಿ4ರಲ್ಲಿ ಎರೆಹುಳು ಗೊಬ್ಬರದ ಮೇಲೆ ಸೂಕ್ಷ್ಮ ಪೋಷಕಾಂಶದ ಸಿಂಪಡಣೆ. ಹೊಲ ಹಳ್ಳದ ಕಡೆ ಇಳಿಜಾರು. ಹಾಗಾಗಿ ಮೇಲೆ, ನಡುವೆ, ಕೆಳಗೆ ಅಂತ ಮೂರು ಬ್ಲಾಕು (ಪಟ್ಟಿ), ಒಂದೊಂದರಲ್ಲೂ ನಾಲ್ಕೂ ಟ್ರೀಟ್‌ಮೆಂಟು, ಒಟ್ಟು 12 ಪ್ಲಾಟು. ಪ್ರತಿ ಪ್ಲಾಟಿನಲ್ಲಿ ಹತ್ತು ಗಿಡಕ್ಕೆ ಚೀಟಿ ಕಟ್ಟಿದ್ದೆ. ಒಂದೊಂದು ಗಿಡದ ಒಣಕಾಯಿ ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ, ಘಾಟಿಗೆ ಸೀನುತ್ತ, 120 ಚೀಲ ತೂಗಿದೆ.

ಅಂಗಡಿಯವರು ಎಕ್ಸೆಲ್ ಶೀಟ್ ತೆರೆದು ಒಂದೇ ಪ್ರಶ್ನೆ ಕೇಳಿದರು: 'ಎಷ್ಟು ಗ್ರೂಪ್ ಅದಾವ್ರಿ?' ನಾಲ್ಕು ಅಂದೆ. ಹೊಲ ಹೇಗಿತ್ತು, ಬ್ಲಾಕ್ ಇತ್ತಾ, ಗೊಬ್ಬರ ಯಾವುದಕ್ಕೆ ಹಾಕಿದ್ದು, ಒಂದನ್ನೂ ಕೇಳಲಿಲ್ಲ. ನಾನಾಗಿಯೇ ಹೇಳಲೂ ಇಲ್ಲ. ಬ್ಲಾಕ್ ಅಂತ ಬರೆದ ಕಾಲಮ್ಮನ್ನು 'ಇದು ಬೇಕಾಗಿಲ್ರಿ' ಅಂತ ಅವರು ಅಳಿಸಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಎರಡು ದಿನಕ್ಕೆ ರಿಪೋರ್ಟ್ ಬಂತು. ಗ್ರೂಪಿಗೆ 30 ಗಿಡ ಅಂತ ಹಿಡಿದು, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಟೆಸ್ಟನ್ನು ಜೋಡಿ ಜೋಡಿಯಾಗಿ ಆರು ಸಲ ಹಾಕಿದ್ದರು. ಮೂರು ಜೋಡಿಗೆ ನಕ್ಷತ್ರ, ಅಂದರೆ ಅಂತರ ಬರೀ ಆಕಸ್ಮಿಕ ಅಲ್ಲ ಅನ್ನುವ ಗುರುತು. ಟಿ1 ಮತ್ತು ಟಿ4 ಎದುರು ಪಿ ಬೆಲೆ (ಗೊಬ್ಬರದ ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.000.

ನನಗೆ ಎಷ್ಟು ಖುಷಿ ಅಂದರೆ, ಹೊಲ ಕೊಟ್ಟಿದ್ದ ಕಾಕಾಗೆ ಅವತ್ತೇ ಫೋನ್ ಮಾಡಿದೆ. ಗಿಡಕ್ಕೆ 71 ಗ್ರಾಂ ಇದ್ದದ್ದು ಟಿ4ರಲ್ಲಿ 80 ಆಗಿದೆ, ಪಕ್ಕಾ ಅಂದೆ. ಅವರು ಮುಂದಿನ ಮುಂಗಾರಿಗೆ ಎರಡು ಎಕರೆಗೆ ಅದನ್ನೇ ಮಾಡಿದರು. ಎಕರೆಗೆ 3,200 ರೂಪಾಯಿ ಹೆಚ್ಚಿನ ಖರ್ಚು.

ಆಗಸ್ಟಿನ ಸೆಮಿನಾರಿನಲ್ಲಿ ಸಂಖ್ಯಾಶಾಸ್ತ್ರದ ಮೇಡಂ ಮೊದಲ ಸ್ಲೈಡಿಗೇ ತಡೆದರು. 'ಗೊಬ್ಬರ ಗಿಡಕ್ಕ ಹಾಕೀಯೋ, ಪ್ಲಾಟಿಗೋ?' ಪ್ಲಾಟಿಗೆ ಅಂದೆ. 'ಹಂಗಾದ್ರ ನಿನ್ನ ಹತ್ರ ಇರೋದು 12 ಸಂಖ್ಯೆ, 120 ಅಲ್ಲ.'

ಅವತ್ತು ರಾತ್ರಿ ಕೂತು ಕೈಯಲ್ಲೇ ಲೆಕ್ಕ ಮಾಡಿದೆ. ಒಂದೇ ಪ್ಲಾಟಿನ ಹತ್ತು ಗಿಡ ಒಂದೇ ಮಣ್ಣು, ಒಂದೇ ತೇವ ಉಂಡಿರುತ್ತವೆ. ಅವು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ ಹತ್ತು ಸಲ ನುಡಿದ ಹಾಗೆ. ಈ ತಪ್ಪಿಗೆ ಹರ್ಲ್‌ಬರ್ಟ್ ಎಂಬ ವಿಜ್ಞಾನಿ 1984ರಲ್ಲೇ ಸ್ಯೂಡೋರೆಪ್ಲಿಕೇಶನ್ (ಹುಸಿ ಪುನರಾವರ್ತನೆ) ಅಂತ ಹೆಸರಿಟ್ಟಿದ್ದಾರೆ. ಹತ್ತತ್ತು ಗಿಡದ ಸರಾಸರಿ ತೆಗೆದು ಪ್ಲಾಟಿಗೊಂದೇ ಅಂಕಿ ಇಟ್ಟೆ. ಟಿ1: 62, 70, 81. ಟಿ2: 66, 79, 80. ಟಿ3: 69, 72, 90. ಟಿ4: 71, 83, 86. ಸಾಲುಗಳನ್ನು ಎಡದಿಂದ ಬಲಕ್ಕೆ ನೋಡಿ, ಮೇಲಿನ ಬ್ಲಾಕಿನಿಂದ ಹಳ್ಳದ ಕಡೆಗೆ ಇಳುವರಿ ಹೇಗೆ ಏರುತ್ತದೆ ಅಂತ. ಬ್ಲಾಕಿನ ಸರಾಸರಿ 67, 76, 84.25. ನನ್ನ ಗೊಬ್ಬರಕ್ಕಿಂತ ಇಳಿಜಾರೇ ಹೆಚ್ಚು ಕೆಲಸ ಮಾಡಿತ್ತು! ಅಳಿಸಿಹೋದ ಆ ಕಾಲಮ್ಮಿನಲ್ಲೇ ಅದು ಇತ್ತು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಹೊಲಗಳಲ್ಲಿ ಕೆಲಸ ಮಾಡಿದ ಸಂಖ್ಯಾಶಾಸ್ತ್ರಜ್ಞ ಫಿಶರ್ ಬ್ಲಾಕ್ ಪದ್ಧತಿ ರೂಪಿಸಿದ್ದೇ ಇಂಥ ಮಣ್ಣಿನ ಏರುಪೇರನ್ನು ಬೇರ್ಪಡಿಸಲಿಕ್ಕೆ.

ಇಳುವರಿಯ ಏರುಪೇರನ್ನು ಟ್ರೀಟ್‌ಮೆಂಟಿನದು, ಬ್ಲಾಕಿನದು, ಉಳಿದ ಆಕಸ್ಮಿಕದ್ದು (ಎರರ್) ಅಂತ ಬೇರ್ಪಡಿಸುವ ಅನೋವಾ ಲೆಕ್ಕ ಹೀಗೆ ಬಂತು: ಟ್ರೀಟ್‌ಮೆಂಟಿನ ಸರಾಸರಿ ವರ್ಗ 42.75, ಎರರ್‌ನದು 15.42, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಎಫ್ 2.77. 3 ಮತ್ತು 6 ಡಿಗ್ರಿಗೆ (ಸ್ವಾತಂತ್ರ್ಯದ ಡಿಗ್ರಿ, ಟ್ರೀಟ್‌ಮೆಂಟಿಗೆ 3, ಎರರ್‌ಗೆ 6) ಟೇಬಲ್ಲಿನಲ್ಲಿ ಬೇಕಾದದ್ದು 4.76. ಮುಟ್ಟಲಿಲ್ಲ.

ಇಲ್ಲಿ ಇನ್ನೊಂದು ಬಲೆ ಇದೆ, ದಯವಿಟ್ಟು ಗಮನಿಸಿ. ಇದೇ ಎರರ್‌ನಿಂದ ಸಿ.ಡಿ., ಅಂದರೆ ಎರಡು ಸರಾಸರಿ ಬೇರೆ ಅನ್ನಲು ಬೇಕಾದ ಕನಿಷ್ಠ ಅಂತರ, ತೆಗೆದರೆ 7.84 ಬರುತ್ತದೆ. ಟಿ1, ಟಿ4 ನಡುವೆ 9 ಗ್ರಾಂ ಅಂತರ, ಅಂದರೆ ಸಿ.ಡಿ. ದಾಟಿತು! ಅದನ್ನೇ ಹಿಡಿದು ಜೋತುಬೀಳಬೇಕು ಅನ್ನಿಸಿತ್ತು. ಆದರೆ ಎಫ್ ಬರದೆ ಸಿ.ಡಿ. ಹಚ್ಚಬಾರದು ಅನ್ನುವುದು ನಮಗೆಲ್ಲ ಕಲಿಸಿದ ಪಾಠ. ನಾಲ್ಕರಲ್ಲಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಆರಿಸಿ ಹೋಲಿಸಿದರೆ ಅಂತರ ದೊಡ್ಡದೇ ಕಾಣುತ್ತದೆ. ಆರೂ ಜೋಡಿಗೆ ಲೆಕ್ಕ ಹಿಡಿಯುವ ಟ್ಯೂಕಿ ಟೆಸ್ಟ್ ಪ್ರಕಾರ 11 ಗ್ರಾಂ ಮೇಲೆ ಬೇಕಿತ್ತು. ಅಂಗಡಿಯ ಆರು ಟಿ-ಟೆಸ್ಟಿನದೂ ಇದೇ ದೋಷ. ಪ್ರತಿಯೊಂದರಲ್ಲಿ ನೂರಕ್ಕೆ ಐದು ಸಲ ತಪ್ಪಬಹುದು ಅಂತ ಒಪ್ಪಿಕೊಂಡು, ಆರೂ ಸ್ವತಂತ್ರ ಅಂತ ಹಿಡಿದರೆ, ಒಂದಾದರೂ ಸುಳ್ಳು ನಕ್ಷತ್ರ ಬೀಳುವ ಸಾಧ್ಯತೆ ನೂರಕ್ಕೆ 26ರ ಮೇಲೆ.

ಅಂಗಡಿಗೆ ಹೋಗಿ ಹೇಳಿದೆ. 'ಡೇಟಾ ನಾರ್ಮಲ್ ಇರಲಿಕ್ಕಿಲ್ರಿ, ಕ್ರಸ್ಕಲ್-ವಾಲಿಸ್ ಹಾಕಿ ಕೊಡ್ತೀವಿ' ಅಂದರು. ಅಂಕಿಗಳ ಹಂಚಿಕೆ ನಾರ್ಮಲ್ ಇಲ್ಲದಿದ್ದಾಗ ಹಾಕುವ ಟೆಸ್ಟ್ ಅದು, ಆದರೆ ಮತ್ತೆ ಅದೇ 120 ಅಂಕಿ. ಟೆಸ್ಟಿನ ಹೆಸರು ಬದಲಾದ ಮಾತ್ರಕ್ಕೆ 12 ಪ್ಲಾಟು 120 ಆಗುವುದಿಲ್ಲ.

ಗದಗಿನ ಗೆಳತಿಯೊಬ್ಬಳಿಗೂ ಬೇರೆ ಕಡೆ ಹೀಗೇ ಆಗಿದೆ. ಒಂದೇ ಮಕ್ಕಳ ಹಿಮೋಗ್ಲೋಬಿನ್ನನ್ನು ಮಾತ್ರೆ ಕೊಡುವ ಮುಂಚೆ ಒಮ್ಮೆ, ಕೊಟ್ಟ ಮೇಲೆ ಒಮ್ಮೆ ಅಳೆದಿದ್ದಳು. ಅದಕ್ಕೆ ಬೇಕಾದದ್ದು ಒಂದೊಂದು ಮಗುವಿನ ಎರಡು ಅಳತೆಯನ್ನು ಜೋಡಿಸಿ ನೋಡುವ ಪೇರ್ಡ್ ಟಿ-ಟೆಸ್ಟ್. ಅವಳಿಗೆ ಎರಡು ಬೇರೆ ಬೇರೆ ಗುಂಪು ಅನ್ನುವಂತೆ ಹಾಕಿಕೊಟ್ಟರು, ಇದ್ದ ವ್ಯತ್ಯಾಸವೇ ಮುಚ್ಚಿಹೋಯಿತು. ನನಗೆ ಖಚಿತವಲ್ಲದ್ದು ಪಕ್ಕಾ ಅಂತ ಕಂಡಿತು, ಅವಳಿಗೆ ಇದ್ದದ್ದು ಕಾಣಲಿಲ್ಲ. ಹಾಗಾಗಿ ಡೇಟಾ ಯಾರಿಗೇ ಕೊಡಿ, ಪ್ರಯೋಗದ ನಕ್ಷೆ ಕಾಗದದ ಮೇಲೆ ಬರೆದು ಕೈಗೆ ಕೊಡಿ. ಯಾವುದನ್ನು ಯಾವುದಕ್ಕೆ ಹಾಕಿದಿರಿ, ಅದು ಎಷ್ಟು ಸಲ, ಯಾರನ್ನು ಎರಡು ಸಲ ಅಳೆದಿರಿ, ಇಷ್ಟನ್ನೂ ಅವರು ಕೇಳದಿದ್ದರೆ ಎದ್ದು ಬನ್ನಿ. ಅದಕ್ಕಿಂತ ಒಳ್ಳೆಯದು ಬಿತ್ತುವ ಮೊದಲೇ ನಿಮ್ಮ ಸಂಖ್ಯಾಶಾಸ್ತ್ರ ವಿಭಾಗದ ಬಾಗಿಲು ತಟ್ಟುವುದು. ನಾನು ಕಟಾವು ಆದ ಮೇಲೂ ತಟ್ಟಿರಲಿಲ್ಲ.

ಕಾಕಾ ಮನೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ. 'ಹಂಗಾದ್ರ ಆ ಔಷಧ ಸುಳ್ಳೇನು?' ಅಂದರು. ಅದೂ ಹೇಳಲಿಕ್ಕೆ ಬರುವುದಿಲ್ಲ ಕಾಕಾ, ಹೌದೋ ಅಲ್ಲೋ ಹೇಳಲಿಕ್ಕೆ ನನ್ನ 12 ಪ್ಲಾಟು ಸಾಲದು ಅಂದೆ. ಎರರ್ ಡಿಗ್ರಿ ಕನಿಷ್ಠ 12 ಇರಲಿ ಅನ್ನುವುದು ನಮ್ಮಲ್ಲಿ ರೂಢಿಯ ನಿಯಮ. ನನ್ನದು ಬರೀ 6 ಇತ್ತು. ನಾಲ್ಕು ಟ್ರೀಟ್‌ಮೆಂಟಿಗೆ ಐದು ಬ್ಲಾಕು ಹಾಕಿದರೆ, ಎರಡರಲ್ಲೂ ಒಂದೊಂದು ಕಳೆದು, ಮೂರನ್ನು ನಾಲ್ಕರಿಂದ ಗುಣಿಸಿ ಸರಿಯಾಗಿ 12 ಆಗುತ್ತದೆ. ಈ ಸಲ ಅದೇ ಹೊಲದಲ್ಲಿ 20 ಪ್ಲಾಟಿಗೆ ಜಾಗ ಕೊಟ್ಟಿದ್ದಾರೆ. ಬ್ಲಾಕುಗಳನ್ನು ಇಳಿಜಾರಿಗೆ ಅಡ್ಡಲಾಗಿ ಗುರುತು ಮಾಡಿ ಬಂದಿದ್ದೇನೆ. ಹಗ್ಗದ ಇನ್ನೊಂದು ತುದಿ ಹಿಡಿದು ನಿಂತವರು ಕಾಕಾನೇ.