ಎಚ್‌ಎಎಲ್ ಮ್ಯೂಸಿಯಂ: ‘ಥ್ರಸ್ಟ್’ ಅಂದರೆ ಏನು ಅಂತ ಕಣ್ಣಾರೆ ಕಂಡೆವು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯಲ್ಲಿ ‘ಥ್ರಸ್ಟ್’ ಬಂದಾಗಲೆಲ್ಲ ತೊಡಕು. ಪಾಠದಲ್ಲಿ ಅದು ಮೇಲ್ಮೈಗೆ ಲಂಬವಾಗಿ ಬೀಳುವ ಬಲ. ಈ ಸಲ ಒಬ್ಬ ಹುಡುಗಿ ಕೇಳಿದಳು: “ವಿಮಾನದ ಥ್ರಸ್ಟ್ ಅಂತಾರಲ್ಲ ಸರ್, ಅದೂ ಇದೇನಾ?” ಪೇಪರಿನವರ ‘ಥ್ರಸ್ಟ್ ಏರಿಯಾ’ ಇನ್ನೊಂದು. ಅದಕ್ಕೆ ‘ಒತ್ತು ಕೊಡುವ ಕ್ಷೇತ್ರ’ ಅಂದರೆ ಮುಗಿಯಿತು. ವಿಮಾನದ್ದಕ್ಕೆ ‘ನೂಕುಬಲ’ ಅಂದೆ. ಪದ ಸರಿ, ಆದರೆ ನೂಕೋದು ಯಾರು? ಏನನ್ನು?

ಅದಕ್ಕೇ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದೆ. ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ 2001ರಲ್ಲಿ ಶುರು ಮಾಡಿದ ಜಾಗ. ಫೋಟೋಗಳ ಹಾಲ್ ಚೆನ್ನಾಗಿದೆ, 1940ರಿಂದ ಇಲ್ಲಿಯವರೆಗಿನ ಕಂಪನಿಯ ಕಥೆ ಇದೆ. ಆದರೆ ನಮಗೆ ಬೇಕಿದ್ದದ್ದು ಎಂಜಿನ್‌ಗಳ ಹಾಲ್. ಅಲ್ಲಿ ಎಂಜಿನ್‌ಗಳನ್ನು ಸೀಳಿ ಒಳಗಿನದನ್ನು ತೋರಿಸಿದ್ದಾರೆ. ಮುಂದಿನಿಂದ ಗಾಳಿ ಒಳಗೆ ಬರುತ್ತದೆ. ಸಾಲು ಸಾಲು ಬ್ಲೇಡುಗಳು ಅದನ್ನು ಅದುಮುತ್ತವೆ. ಇಂಧನ ಸೇರಿ ಉರಿಯುತ್ತದೆ. ಕಾದ ಗಾಳಿ ಹಿಂದಿನಿಂದ ರಭಸವಾಗಿ ಹೊರಕ್ಕೆ ನುಗ್ಗುತ್ತದೆ. ಎಂಜಿನ್ ಗಾಳಿಯನ್ನು ಹಿಂದಕ್ಕೆ ನೂಕುತ್ತದೆ, ಗಾಳಿ ಎಂಜಿನ್ನನ್ನು ಮುಂದಕ್ಕೆ ನೂಕುತ್ತದೆ. ನ್ಯೂಟನ್ನನ ಮೂರನೇ ನಿಯಮ ಅಷ್ಟೇ, ಅಲ್ವಾ? ಬೋರ್ಡಿನ ಮೇಲೆ ಎಷ್ಟು ಬಾಣ ಬರೆದರೂ ಇಷ್ಟು ಸಲೀಸಾಗಿ ತಿಳಿದಿರಲಿಲ್ಲ.

ಹೊರಗೆ ನಿಂತಿರುವ ಮಾರುತ್ ಎದುರು ನಾವು ಜಾಸ್ತಿ ಹೊತ್ತು ಕಳೆದೆವು. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಇದೇ ಊರಿನಲ್ಲಿ ರೂಪುಗೊಂಡು, 1961ರಲ್ಲಿ ಮೊದಲು ಹಾರಿದ ಯುದ್ಧವಿಮಾನ. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕು ಅಂತ ಕನಸಿತ್ತು. ಬೇಕಾದಷ್ಟು ಕಸುವಿನ ಎಂಜಿನ್ ಸಿಗಲೇ ಇಲ್ಲ. ಎರಡು ಆರ್ಫಿಯಸ್ ಎಂಜಿನ್ ಇದ್ದರೂ ಆ ವೇಗ ಕೈಗೆಟುಕಲಿಲ್ಲ. ಆದರೂ 1971ರ ಯುದ್ಧದಲ್ಲಿ ಹೋರಾಡಿತು. ಅಷ್ಟು ಚೆಂದದ ಮೈಕಟ್ಟು ನೋಡಿ ನನಗೆ ಹೊಟ್ಟೆ ಚುರ್ ಅಂತು. “ಪಾಪ, ನೂಕುಬಲ ಸಾಲಲಿಲ್ಲ” ಅಂದಳು ಅದೇ ಹುಡುಗಿ. ಆ ಪದ ಅವಳದಾಗಿತ್ತು.

ಮಕ್ಕಳು ವಿಮಾನ ಓಡಿಸಿದ ಅನುಭವ ಕೊಡುವ ಸಿಮ್ಯುಲೇಟರ್ ಕಡೆಗೇ ಓಡುತ್ತಾರೆ. ಮೊದಲು ಎಂಜಿನ್ ಹಾಲ್ ಮುಗಿಸಿ. ವಿಮಾನಗಳು ಬಯಲಲ್ಲಿವೆ, ಬೆಳಿಗ್ಗೆಯೇ ಹೋದರೆ ಬಿಸಿಲು ತಾಗುವುದಿಲ್ಲ. ಜೇಬಿನಲ್ಲಿ ನಾಲ್ಕು ಬಲೂನ್ ಇಟ್ಟುಕೊಳ್ಳಿ. ಎಂಜಿನ್ ನೋಡಿದ ಮೇಲೆ ಹೊರಗೆ ಬಂದು ಊದಿ, ಬಾಯಿ ಕಟ್ಟದೆ ಬಿಟ್ಟುಬಿಡಿ.