ಸ್ಪ್ರೇ ಕ್ಯಾನೋ, ಗನ್ನೋ?

ಮರಕ್ಕೆ ಲ್ಯಾಕರ್ (ಬೇಗ ಒಣಗುವ ಮೇಲ್ಲೇಪ) ಹೊಡೆಯುವಾಗ, ಫೋಟೋ ಚೌಕಟ್ಟು, ಪುಟ್ಟ ಪೆಟ್ಟಿಗೆಯಂಥ ಕೆಲಸಕ್ಕೆ ಸ್ಪ್ರೇ ಕ್ಯಾನೇ ಸಾಕು, ತೊಳೆಯುವ ರಗಳೆಯಿಲ್ಲ. ಆದರೆ ಪದರ ತೀರಾ ತೆಳು. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಇಳಿದು ಗೆರೆ ಬೀಳುತ್ತದೆ. ನಾಲ್ಕೈದು ಕೋಟ್ ಬೇಕು.

ಮೇಜಿನ ಹಲಗೆ, ಕಪಾಟಿನ ಬಾಗಿಲಿಗೆ ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಸ್ಪ್ರೇ ಗನ್ನೇ ಸರಿ. ಲ್ಯಾಕರ್‌ಗೆ 1.3–1.4 ಮಿ.ಮೀ. ನಾಜಲ್, ಮರದಿಂದ 15–20 ಸೆಂ.ಮೀ. ದೂರ, ಪ್ರತಿ ಪಟ್ಟಿ ಹಿಂದಿನದರ ಅರ್ಧವನ್ನು ಮುಚ್ಚಬೇಕು. ಅಂಚಿಗೆ ಬರುವ ಮೊದಲೇ ಟ್ರಿಗರ್ ಒತ್ತಿ, ಆಚೆ ಅಂಚು ದಾಟಿದ ಮೇಲೆ ಬಿಡಿ. ಮಣಿಕಟ್ಟು ತಿರುಗಿಸಿ ಬೀಸಿದರೆ ನಡುವೆ ಒದ್ದೆ, ತುದಿಯಲ್ಲಿ ಒಣ. ಕಿತ್ತಳೆ ಸಿಪ್ಪೆಯಂತೆ ತರಿ ಎದ್ದರೆ ಲ್ಯಾಕರ್ ಗಟ್ಟಿಯಾಗಿರಬಹುದು, ಸ್ವಲ್ಪ ಥಿನ್ನರ್ ಬೆರೆಸಿ. ಕೆಲಸ ಮುಗಿದೊಡನೆ ಗನ್ ಬಿಚ್ಚಿ ತೊಳೆಯಲು ಸೋಮಾರಿತನವೇ? ಹಾಗಾದರೆ ಕೊಳ್ಳಲೇಬೇಡಿ. ಕ್ಯಾನ್, ಗನ್ ಎರಡಕ್ಕೂ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಹತ್ತಿರ ಬೆಂಕಿ ಬೇಡ.