ಸಾರಾ ಹೆಸರಿನ ಸುತ್ತ ಹೆಣೆದ ಪ್ಲೇಲಿಸ್ಟ್: ಒಂದು ವಿಮರ್ಶೆ

ಬೈಬಲ್ಲಿನ ಅಬ್ರಹಾಮನ ಪತ್ನಿ ಸಾರಾಳ ಹೆಸರು ಹೊತ್ತ ಇಂಗ್ಲಿಷ್ ಹಾಡುಗಳನ್ನೂ ಅದೇ ಹೆಸರಿನ ಗಾಯಕಿಯರನ್ನೂ ಒಂದೆಡೆ ಸೇರಿಸಿರುವ ಈ ಪ್ಲೇಲಿಸ್ಟ್ ಸಂಗೀತದ ಆ್ಯಪ್ ಒಂದರ ಚಂದಾದಾರರಿಗೆ ದೊರೆಯುತ್ತದೆ. ಬರೀ ಹೆಸರು ಹಿಡಿದು ಹಾಡು ಆಯುವುದು ಹುಡುಗಾಟಿಕೆ ಎನಿಸಬಹುದಾದರೂ ಇಲ್ಲಿನ ಆಯ್ಕೆ ಗಟ್ಟಿಯಾಗಿಯೇ ಇದೆ.

ಬಾಬ್ ಡಿಲನ್ ತಮ್ಮ ಆಗಿನ ಪತ್ನಿಯನ್ನು ಹೆಸರು ಹಿಡಿದು ಕರೆಯುವ, 1976ರ ‘ಡಿಸೈರ್’ ಆಲ್ಬಮ್ಮಿನ ಕೊನೆಯ ಗೀತೆಯಲ್ಲಿ ಕಡಲತೀರದಲ್ಲಿ ಆಡುವ ಮಕ್ಕಳ ನೆನಪೂ ಬಿಟ್ಟುಹೋಗಬೇಡವೆಂಬ ಮೊರೆಯೂ ಬೆರೆತಿದ್ದು, ಸ್ಕಾರ್ಲೆಟ್ ರಿವೆರಾ ಅವರ ಪಿಟೀಲು ಆ ಮೊರೆಯ ಬೆನ್ನಿಗೇ ನಡೆಯುತ್ತದೆ. ಪಟ್ಟಿಯಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದು ಇದನ್ನೇ.

ಫ್ಲೀಟ್‌ವುಡ್ ಮ್ಯಾಕ್ ತಂಡಕ್ಕಾಗಿ ಸ್ಟೀವಿ ನಿಕ್ಸ್ ಬರೆದ ‘ಸಾರಾ’ದ ವಿಷಯದಲ್ಲಿ ಮಾತ್ರ ತಕರಾರಿದೆ. 1979ರ ‘ಟಸ್ಕ್’ ಆಲ್ಬಮ್ಮಿನ ಜೋಡಿ ಎಲ್‌ಪಿಯಲ್ಲಿ (ಎರಡು ಗ್ರಾಮಫೋನ್ ತಟ್ಟೆಗಳಲ್ಲಿ) ಆರು ನಿಮಿಷಕ್ಕೂ ಮಿಕ್ಕಿದ್ದ ಈ ಹಾಡನ್ನು, ಇಡೀ ಆಲ್ಬಮ್ ಒಂದೇ ಸಿಡಿಯಲ್ಲಿ ಹಿಡಿಯಲೆಂದು ಮುಂದೆ ಮೊಟಕುಗೊಳಿಸಲಾಗಿತ್ತು. ಜಾಗದ ಅಡಚಣೆಯೇ ಇಲ್ಲದ ಈ ಕಾಲದಲ್ಲೂ ಪ್ಲೇಲಿಸ್ಟ್ ಕತ್ತರಿಸಿದ ರೂಪವನ್ನೇ ಕೊಡುವುದಕ್ಕೆ ಸಬೂಬು ಕಾಣದು.

ಹಾಲ್ ಮತ್ತು ಓಟ್ಸ್ ಜೋಡಿಯ ‘ಸಾರಾ ಸ್ಮೈಲ್’ ಹಿತವಾಗಿದೆ. 1986ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿದ ಸ್ಟಾರ್‌ಶಿಪ್ ತಂಡದ ಹಾಡು, ಅದರ ಸಿಂಥಸೈಜರ್ (ವಿದ್ಯುನ್ಮಾನ ವಾದ್ಯ) ಮೋಹದಿಂದಾಗಿ, ಇಂದು ಹಳತೆನಿಸುತ್ತದೆ.

ಗಾಯಕಿಯರ ಭಾಗ ತೆಳು. ಮಂದ್ರದಿಂದ ತಾರಕ್ಕೆ ಲೀಲಾಜಾಲವಾಗಿ ಏರುವ ಜಾಜ್ ಗಾಯಕಿ ಸಾರಾ ವಾನ್ ಅವರಿಗೆ ‘ಮಿಸ್ಟಿ’ ಒಂದನ್ನೇ ಕೊಟ್ಟು, ಸಾರಾ ಬ್ರೈಟ್‌ಮನ್ ಅವರಿಗೆ ಧಾರಾಳವಾಗಿ ಜಾಗ ಬಿಟ್ಟಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕೇಳುವವರು ಹಾಡುಗಳನ್ನು ಅಡ್ಡಾದಿಡ್ಡಿ ಕ್ರಮದಲ್ಲಿ ನುಡಿಸುವ ಶಫಲ್ ಆಯ್ಕೆಯನ್ನು ನಿಲ್ಲಿಸಿಕೊಳ್ಳುವುದು ಒಳಿತು, ಏಕೆಂದರೆ ಡಿಲನ್ನರ ಬೆನ್ನಿಗೆ ಸ್ಟಾರ್‌ಶಿಪ್ ಬಂದರೆ ಎರಡೂ ಕೆಡುತ್ತವೆ.